ಹೆಗಲಿನ ಚರಿತ್ರೆ

ನಮ್ಮ ತಾತನ ಬಲಗಡೆ ಹೆಗಲ ಮೇಲೆ ನಿಂಬೆಹಣ್ಣಿನ ಗಾತ್ರದ ಒಂದು ಗಂಟಿತ್ತು. ಚಿಕ್ಕವನಾಗಿದ್ದಾಗ ಅದನ್ನು ಒತ್ತಿ ಒತ್ತಿ ನೋಡುತ್ತಿದ್ದೆ. ಕಲ್ಲಿನಷ್ಟು ಗಟ್ಟಿ. "ನೋಯ್ತದಾ ತಾತ?" ಅಂತ ಕೇಳಿದರೆ, "ಅದು ನೋಯೋ ಕಾಲ ಮುಗೀತು ಕಣ್ ಮಗ" ಅನ್ನುತ್ತಿದ್ದ. ಮಂಡಿಯಲ್ಲಿ ಮೂವತ್ತು ವರ್ಷ ಮೂಟೆ ಹೊತ್ತವನು. ಅವನಪ್ಪ ಊರಿನ ತೋಟಿ. ಅಮಲ್ದಾರರು ಸರ್ಕೀಟು ಬಂದರೆ ಅವರ ಗಾಡಿಯ ಮುಂದೆ ಪಂಜು ಹಿಡಿದು ಓಡಬೇಕು. ಸಾಮಾನು ತಲೆ ಮೇಲೆ ಹೊತ್ತು ಮುಂದಿನ ಊರಿನ ಗಡಿ ಮುಟ್ಟಿಸಬೇಕು. ಕೂಲಿ ಇಲ್ಲ. ಅದಕ್ಕೇ ಬಿಟ್ಟಿ ಅಂತ ಹೆಸರು.

ನಮ್ಮ ಮನೆಗೆ ಡಿಗ್ರಿ ಅನ್ನುವುದು ಬಂದದ್ದು ನನ್ನ ಕಾಲಕ್ಕೆ. ನಾನು ಓದಿದ್ದು ಚರಿತ್ರೆ. ಮೂರು ವರ್ಷ ಓದಿದ ಪುಸ್ತಕಗಳಲ್ಲಿ ರಾಜರ ಆನೆ, ಕುದುರೆ, ರಥ, ಪಲ್ಲಕ್ಕಿ ಎಲ್ಲಾ ಇದ್ದವು. ತಾತನ ಹೆಗಲಿನ ಗಂಟು ಮಾತ್ರ ಎಲ್ಲೂ ಇರಲಿಲ್ಲ. ಮೋಟಾರು ಬರುವುದಕ್ಕೆ ಮುಂಚೆ, ಬಂದ ಮೇಲೂ, ಈ ದೇಶದಲ್ಲಿ ಮನುಷ್ಯನನ್ನು ಮನುಷ್ಯ ಹೇಗೆ ಹೊತ್ತ, ಹೇಗೆ ಎಳೆದ ಅನ್ನುವುದನ್ನು ಆ ಗಂಟಿನ ಕಡೆಯಿಂದ ನೋಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಪಲ್ಲಕ್ಕಿ, ಮೇನೆ, ಅಂದಣ, ಡೋಲಿ. ಕೂರುವವನ ಪೆಟ್ಟಿಗೆಗೆ ಇಷ್ಟೊಂದು ಹೆಸರು. ಹೊರುವವನಿಗೆ ಮಾತ್ರ ಜಾತಿಯೇ ಹೆಸರು. ಉತ್ತರದಲ್ಲಿ ಕಹಾರ, ಮಹಾರಾಷ್ಟ್ರದಲ್ಲಿ ಭೋಯಿ, ತೆಲುಗು ಕನ್ನಡ ಸೀಮೆಗಳಲ್ಲಿ ಬೋಯಿ, ಬೆಸ್ತ. ಇಂಗ್ಲಿಷಿನವರು ಬಂದಾಗ ಈ 'ಬೋಯಿ' ಅವರ ಬಾಯಲ್ಲಿ 'ಬಾಯ್' ಆಯಿತು. ಅವರ ಭಾಷೆಯಲ್ಲಿ ಅದಕ್ಕೆ ಹುಡುಗ ಅಂತ ಅರ್ಥ. 1886ರಲ್ಲಿ ಬಂದ ಹಾಬ್ಸನ್-ಜಾಬ್ಸನ್ ಎಂಬ ನಿಘಂಟು ಈ ಎರಡು ಶಬ್ದಗಳ ಬೆರಕೆಯನ್ನು ದಾಖಲಿಸಿದೆ. ಬಿಳಿ ಮೀಸೆಯ ಮುದುಕನೂ ದೊರೆಯ ಮುಂದೆ ಸಾಯುವ ತನಕ ಹುಡುಗನೇ.

ರೈಲು ಹಬ್ಬುವ ಮುಂಚೆ ದೂರದ ಪ್ರಯಾಣಕ್ಕೆ ಡಾಕ್ ಪಲ್ಲಕ್ಕಿ ಇತ್ತು. ಮೊದಲೇ ಅಂಚೆ ಅಧಿಕಾರಿಗೆ ತಿಳಿಸಿ ಹಣ ಕಟ್ಟಿದರೆ ದಾರಿಯುದ್ದಕ್ಕೂ ಆಳುಗಳು ಸಿದ್ಧವಾಗಿರುತ್ತಿದ್ದರು. ಒಂದು ಪಲ್ಲಕ್ಕಿಗೆ ಸಾಮಾನ್ಯವಾಗಿ ಎಂಟು ಜನ. ನಾಲ್ವರು ಹೊರುವುದು, ನಾಲ್ವರು ಪಕ್ಕದಲ್ಲಿ ಓಡುತ್ತಾ ಹೆಗಲು ಬದಲಾಯಿಸುವುದು. ಪಂಜಿನವನೊಬ್ಬ, ಕಾವಡಿಯಲ್ಲಿ ಸಾಮಾನು ಹೊರುವವರು ಬೇರೆ. ಬಿಸಿಲು ತಪ್ಪಿಸಲು ಹೆಚ್ಚಾಗಿ ರಾತ್ರಿ ಹೊತ್ತಲ್ಲೇ ಪ್ರಯಾಣ. ಒಳಗಿನವನು ಹಾಸಿಗೆ ಮೇಲೆ ಮಲಗಿ ನಿದ್ದೆ ಹೊಡೆಯುತ್ತಿದ್ದ. ಹಿಂದೆ ಹೊತ್ತವರಿಗೆ ಕಾಲ ಕೆಳಗಿನ ನೆಲ ಕಾಣುವುದಿಲ್ಲ. ಹಾಗಾಗಿ ಮುಂದಿನವನು ಕೂಗಿ ಹೇಳಬೇಕು: ಕಲ್ಲು, ಮುಳ್ಳು, ನೀರು, ಹಳ್ಳ. ಉಳಿದವರು ಅದಕ್ಕೆ ದನಿಗೂಡಿಸಬೇಕು. ಇದೇ ಅವರ ಹಾಡು. ಸರೋಜಿನಿ ನಾಯ್ಡು ಅವರ 1905ರ ಕವನ ಸಂಕಲನದಲ್ಲಿ ಪಲ್ಲಕ್ಕಿ ಹೊರುವವರ ಬಗ್ಗೆ ಹೆಸರಾದ ಒಂದು ಪದ್ಯವಿದೆ. ಶಾಲೆಗಳಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಅದರಲ್ಲಿ ಹೊರುವವರಿಗೆ ಬೆವರೇ ಇಲ್ಲ, ಭಾರವೇ ಇಲ್ಲ, ಬರೀ ಸಂತೋಷ. ನಾನೂ ಪದ್ಯ ಬರೆಯುವವನು. ಪದ್ಯ ಚೆನ್ನಾಗಿದೆ. ಆದರೆ ಅದನ್ನು ಹೆಗಲು ಬರೆದದ್ದಲ್ಲ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಬಯಲು ಸೀಮೆಯಲ್ಲಿ ಮೇಲುಜಾತಿಯವರ ಪಲ್ಲಕ್ಕಿ ಹೊರಲು ಮುಟ್ಟಿದರೆ ಮೈಲಿಗೆಯಾಗದ ಹೆಗಲೇ ಬೇಕಿತ್ತು. ಕಹಾರರ ಕೈಯಿಂದ ಮೇಲುಜಾತಿಯವರು ನೀರು ಕುಡಿಯುತ್ತಿದ್ದರು, ಅದಕ್ಕೇ ಅವರ ಹೆಗಲೂ ನಡೆಯುತ್ತಿತ್ತು. ಶೂದ್ರ ಹೊರಬೇಕು, ಹೊಲೆಯ ಮಾದಿಗರು ದಾರಿ ಬಿಟ್ಟು ದೂರ ನಿಲ್ಲಬೇಕು. ಒಬ್ಬನ ಹೆಗಲು, ಇನ್ನೊಬ್ಬನ ನೆರಳು, ಎರಡನ್ನೂ ಲೆಕ್ಕ ಹಾಕಿಯೇ ಈ ಸವಾರಿ ಹೊರಡುತ್ತಿತ್ತು.

ಈ ಹೆಗಲುಗಳು ಸುಮ್ಮನೆ ಬಾಗಿಕೊಂಡೇ ಇದ್ದವೇ? ಇಲ್ಲ.

1827ರಲ್ಲಿ ಕಲ್ಕತ್ತದಲ್ಲಿ ಪಲ್ಲಕ್ಕಿ ಹೊರುತ್ತಿದ್ದವರಲ್ಲಿ ಬಹಳ ಜನ ಒರಿಸ್ಸಾದಿಂದ ಹೊಟ್ಟೆಪಾಡಿಗೆ ಬಂದವರು. ಕಂಪನಿ ಸರ್ಕಾರ ಅವರ ಮೇಲೆ ಹೊಸ ಕಟ್ಟಳೆ ತಂತು: ಎಲ್ಲರೂ ಲೈಸೆನ್ಸು ಮಾಡಿಸಬೇಕು, ನಂಬರಿನ ಬಿಲ್ಲೆ ಕಟ್ಟಿಕೊಳ್ಳಬೇಕು, ಬಾಡಿಗೆ ಸರ್ಕಾರ ಹೇಳಿದಷ್ಟೇ ತಗೋಬೇಕು. ಹೊರುವವರು ಹೆಗಲು ಕೊಡಲ್ಲ ಅಂದರು. ಪಲ್ಲಕ್ಕಿಗಳು ನೆಲದ ಮೇಲೇ ಉಳಿದವು. ಮುಂಬಯಿಯಲ್ಲಿ ಮೊದಲ ಬಟ್ಟೆ ಗಿರಣಿ ಶುರುವಾಗುವುದಕ್ಕೆ ಇನ್ನೂ ಇಪ್ಪತ್ತೈದು ವರ್ಷಕ್ಕೂ ಮೇಲೆ ಇತ್ತು. ಯೂನಿಯನ್ ಅನ್ನುವ ಶಬ್ದವನ್ನೇ ಕೇಳದ ಜನ ಮಾಡಿದ ಮುಷ್ಕರ ಇದು. ಈ ದೇಶದಲ್ಲಿ ದುಡಿಯುವವರು ಮಾಡಿದ ಮೊಟ್ಟಮೊದಲ ಮುಷ್ಕರಗಳಲ್ಲಿ ಒಂದು ಅಂತ ಇದನ್ನು ಗುರುತಿಸುತ್ತಾರೆ.

ಆಮೇಲೆ ಏನಾಯಿತು? ಬಿಹಾರದ ಕಡೆಯ ಹೆಗಲುಗಳು ಆ ಜಾಗಕ್ಕೆ ಬಂದವು. ಬಡವನ ಮುಷ್ಕರವನ್ನು ಇನ್ನೊಬ್ಬ ಬಡವನ ಹಸಿವಿನಿಂದ ಮುರಿಯುವುದು ಹೊಸ ವಿದ್ಯೆಯೇನಲ್ಲ. ಜೊತೆಗೆ ಇನ್ನೊಂದು ನಡೆಯಿತು. ಬ್ರೌನ್‌ಲೋ ಎಂಬ ಇಂಗ್ಲಿಷಿನವನು ತನ್ನ ಪಲ್ಲಕ್ಕಿಗೆ ನಾಲ್ಕು ಚಕ್ರ ಜೋಡಿಸಿ ಕುದುರೆ ಕಟ್ಟಿದ. ಅದಕ್ಕೆ 'ಬ್ರೌನ್‌ಬೆರಿ' ಅಂತ ಹೆಸರು ಬಂತು. ಚಕ್ರ ಏನು ಆವತ್ತು ಹುಟ್ಟಿದ್ದಲ್ಲ, ಕುದುರೆಯೂ ಮೊದಲೇ ಇತ್ತು. ಹೆಗಲು ಆಗಲ್ಲ ಅಂದ ಮೇಲೇ ಅವೆರಡೂ ನೆನಪಾದವು. ಗೆಳೆಯರೇ, ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ.

ಚಕ್ರ ಬಂದರೆ ಮನುಷ್ಯ ಬಿಡುಗಡೆಯಾಗುತ್ತಾನೆ ಅನ್ನುವುದೂ ಸುಳ್ಳು. ರಿಕ್ಷಾ ಹುಟ್ಟಿದ್ದು ಜಪಾನಿನಲ್ಲಿ, 1869ರ ಸುಮಾರಿಗೆ. ಅಲ್ಲಿ ಅದರ ಪೂರ್ತಿ ಹೆಸರು 'ಜಿನ್-ರಿಕಿ-ಶಾ'. ಜಿನ್ ಅಂದರೆ ಮನುಷ್ಯ, ರಿಕಿ ಅಂದರೆ ಶಕ್ತಿ, ಶಾ ಅಂದರೆ ಗಾಡಿ. ಹೆಸರಿನಲ್ಲೇ ಸತ್ಯ ಇದೆ. 1880ರ ಸುಮಾರಿಗೆ ಸಿಮ್ಲಾಕ್ಕೆ ಬಂತು. ಆಮೇಲೆ ಕಲ್ಕತ್ತಕ್ಕೆ ಬಂತು. ಕಲ್ಕತ್ತದಲ್ಲಿ ಮೊದಲು ಚೀನಿಯರು ಸರಕು ಸಾಗಿಸಲು ಇಟ್ಟುಕೊಂಡಿದ್ದರು, ಕ್ರಮೇಣ ಜನ ಹತ್ತಿ ಕೂತರು. ಹೆಗಲ ಮೇಲಿದ್ದ ಭಾರ ಕೈಗೆ ಬಂತು ಅಷ್ಟೇ. ಎತ್ತಿನ ಜಾಗದಲ್ಲಿ ಮನುಷ್ಯ ನಿಂತ. ಬಿಮಲ್ ರಾಯ್ ಅವರ 1953ರ 'ದೋ ಬಿಘಾ ಜಮೀನ್' ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾಹುಕಾರನ ಸಾಲಕ್ಕೆ ನೆಲ ಹೋಗುತ್ತದೆ ಅಂತ ರೈತ ಕಲ್ಕತ್ತಕ್ಕೆ ಬಂದು ರಿಕ್ಷಾ ಎಳೆಯುತ್ತಾನೆ. ಭೂಮಿಯ ಪ್ರಶ್ನೆಯೂ ರಿಕ್ಷಾದ ಪ್ರಶ್ನೆಯೂ ಒಂದೇ.

ಇಲ್ಲಿಯವರೆಗೆ ಹೊರುವವರ ಮಾತಾಯಿತು. ಇನ್ನು ಕೂರುವವರ ಮಾತು. ಯಾರು ಕೂರಬಹುದು?

ಹಿಮಾಲಯದ ಕುಮಾವೂಂ, ಗಡ್‌ವಾಲ ಸೀಮೆಗೆ ಬನ್ನಿ. ಅಲ್ಲಿ ಬ್ರಿಟಿಷ್ ಅಧಿಕಾರಿಗಳು ಬಂದರೆ ಹಳ್ಳಿಯವರು ಬಿಟ್ಟಿಯಾಗಿ ಅವರ ಸಾಮಾನು ಹೊರಬೇಕಿತ್ತು. ಅದಕ್ಕೆ 'ಕೂಲಿ ಬೇಗಾರ್' ಅನ್ನುತ್ತಿದ್ದರು. ಯಾವ ಮನೆಯಿಂದ ಯಾರು ಹೊರಬೇಕು ಅನ್ನುವುದಕ್ಕೆ ರಿಜಿಸ್ಟರು ಇತ್ತು. 1921ರ ಜನವರಿಯಲ್ಲಿ ಬಾಗೇಶ್ವರದ ಸಂಕ್ರಾಂತಿ ಜಾತ್ರೆಯಲ್ಲಿ ಸಾವಿರಾರು ಜನ ಸೇರಿ, ಇನ್ನು ಹೊರಲ್ಲ ಅಂತ ಆಣೆ ಮಾಡಿ, ಆ ರಿಜಿಸ್ಟರುಗಳನ್ನು ಸರಯೂ ನದಿಗೆ ಎಸೆದರು. ಬದ್ರಿದತ್ತ ಪಾಂಡೆ ಮುಂದಾಳು. ದೊಡ್ಡ ಹೋರಾಟ. ತೋಟಿಯ ಮರಿಮಗನಾದ ನನಗೆ ಅದನ್ನು ಓದುವಾಗ ಮೈ ಜುಂ ಅಂದಿತ್ತು.

ಆದರೆ ಅದೇ ಗುಡ್ಡಗಳಲ್ಲಿ ಶಿಲ್ಪಕಾರರು ಅಂತ ಕರೆಯುವ ದಲಿತರಿದ್ದರು. ಬಡಗಿ, ಕಮ್ಮಾರ, ಚಮ್ಮಾರ ಎಲ್ಲಾ ಅವರೇ. ಮದುವೆಯ ಡೋಲಿ ಪಲ್ಲಕ್ಕಿ ಮಾಡುವವರು ಅವರು. ಮೇಲುಜಾತಿಯ ಮದುಮಕ್ಕಳನ್ನು ಹೊರುವವರೂ ಅವರು. ಆದರೆ ತಮ್ಮ ಮದುವೆಯಲ್ಲಿ ತಾವು ಮಾಡಿದ ಪಲ್ಲಕ್ಕಿಯಲ್ಲಿ ತಾವು ಕೂರುವ ಹಾಗಿರಲಿಲ್ಲ. ಮದುಮಗ ಮದುಮಗಳು ನಡೆದೇ ಹೋಗಬೇಕು. ಇದರ ವಿರುದ್ಧ 1920ರ ದಶಕದಿಂದ 'ಡೋಲಾ ಪಾಲ್ಕಿ' ಚಳವಳಿ ನಡೆಯಿತು. ಅದರ ಮುಂದಾಳು ಜಯಾನಂದ ಭಾರತಿ. 1932ರಲ್ಲಿ ಪೌರಿಯಲ್ಲಿ ಗವರ್ನರ್ ಮಾಲ್ಕಂ ಹೇಲಿಯ ಎದುರಿಗೇ ತ್ರಿವರ್ಣ ಧ್ವಜ ಹಾರಿಸಿ ಜೈಲಿಗೆ ಹೋದವರು. ಬ್ರಿಟಿಷರ ಎದುರು ಬಾವುಟ ಹಿಡಿಯುವ ಧೈರ್ಯ ಇದ್ದವರು ತಮ್ಮ ಜನರ ಮದುಮಗನನ್ನು ಪಲ್ಲಕ್ಕಿ ಹತ್ತಿಸಲು ಊರೂರಲ್ಲಿ ಏಟು ತಿನ್ನಬೇಕಾಯಿತು. ಗಲಭೆ ಎಷ್ಟು ಮುಟ್ಟಿತೆಂದರೆ 1941ರಲ್ಲಿ ಗಾಂಧೀಜಿ ಗಡ್‌ವಾಲದಲ್ಲಿ ವೈಯಕ್ತಿಕ ಸತ್ಯಾಗ್ರಹವನ್ನೇ ತಡೆಹಿಡಿದರು.

ಸ್ವಾತಂತ್ರ್ಯ ಬಂತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆಯಿತು, 23ನೇ ವಿಧಿ ಬಿಟ್ಟಿಯನ್ನು ತೆಗೆಯಿತು. 1980ರ ಮೇ 9ರಂದು ಅಲ್ಮೋರಾ ಜಿಲ್ಲೆಯ ಕಫಲ್ಟಾ ಎಂಬ ಹಳ್ಳಿಯ ಮೇಲೆ ಒಂದು ದಲಿತ ಮದುವೆ ದಿಬ್ಬಣ ಹೊರಟಿತ್ತು. ಮದುಮಗ ಪಲ್ಲಕ್ಕಿಯಲ್ಲಿದ್ದ. ದೇವಸ್ಥಾನದ ಹತ್ತಿರ ಇಳಿದು ನಡೆ ಅಂದರು. ಇಳಿಯಲ್ಲ ಅಂದರು. ಜಗಳ ಹತ್ತಿತು, ಮೇಲುಜಾತಿಯ ಒಬ್ಬ ಸತ್ತ. ಆಮೇಲೆ ಊರು ತಿರುಗಿಬಿತ್ತು. ದಿಬ್ಬಣದವರು ಓಡಿ ಸೇರಿಕೊಂಡ ಮನೆಗೆ ಬೆಂಕಿ ಇಟ್ಟರು. ತಪ್ಪಿಸಿಕೊಂಡವರನ್ನು ಹೊಲಗಳಲ್ಲಿ ಅಟ್ಟಿಸಿಕೊಂಡು ಹೋಗಿ ಕೊಂದರು. ಸತ್ತ ದಲಿತರು 14. ಕೆಳಗಿನ ನ್ಯಾಯಾಲಯಗಳಲ್ಲಿ ಆರೋಪಿಗಳು ಬಿಡುಗಡೆಯಾದರು. ಸುಪ್ರೀಂ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟದ್ದು 1997ರಲ್ಲಿ, 17 ವರ್ಷ ಆದ ಮೇಲೆ.

ಬಾಗೇಶ್ವರದ ಹೊಳೆಯೂ ಕಫಲ್ಟಾದ ಗುಡ್ಡವೂ ಒಂದೇ ಸೀಮೆಯವು. ತಮ್ಮ ತಲೆಯ ಮೇಲಿನ ಸಾಹೇಬನ ಗಂಟನ್ನು ಇಳಿಸಿದ ಸಮಾಜ, ತಮ್ಮೂರಿನ ದಲಿತ ಒಂದು ದಿನ ಒಂದು ಗಳಿಗೆ ಮೇಲೆ ಕೂತದ್ದನ್ನು ಸಹಿಸಲಿಲ್ಲ. ಭಾರ ಇಳಿಸುವುದು ಬೇರೆ, ಜಾತಿ ಇಳಿಸುವುದು ಬೇರೆ. ನಮ್ಮ ಚಳವಳಿಗಳು ಈ ಪಾಠವನ್ನು ಮತ್ತೆ ಮತ್ತೆ ಓದಬೇಕು.

ಬಾಬಾಸಾಹೇಬರು ಇದನ್ನು ಮೈಮೇಲೆ ಅನುಭವಿಸಿದವರು. 1901ರಲ್ಲಿ, ಇನ್ನೂ ಹುಡುಗ, ಅಪ್ಪನನ್ನು ನೋಡಲು ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಮಹಾರರ ಮಕ್ಕಳು ಅಂತ ಗೊತ್ತಾದ ಮೇಲೆ ಒಬ್ಬ ಗಾಡಿಯವನೂ ಬರಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಷರತ್ತು ಏನೆಂದರೆ, ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. 1929ರಲ್ಲಿ, ಆಗ ಅವರು ಬ್ಯಾರಿಸ್ಟರು, ಸರ್ಕಾರಿ ಸಮಿತಿಯ ಸದಸ್ಯರು, ಚಾಳೀಸಗಾಂವಿಗೆ ಹೋದಾಗಲೂ ಅದೇ ಕತೆ. ಟಾಂಗಾದವನು ಗಾಡಿ ಕೊಟ್ಟ, ತಾನು ಹೊಡೆಯಲ್ಲ ಅಂದ. ಗಾಡಿ ಹೊಡೆದು ಗೊತ್ತಿಲ್ಲದ ನಮ್ಮವನೊಬ್ಬ ಲಗಾಮು ಹಿಡಿದ. ಮೋರಿಯ ಮೇಲೆ ಗಾಡಿ ಮಗುಚಿ ಅಂಬೇಡ್ಕರರ ಕಾಲು ಮುರಿಯಿತು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಇದನ್ನು ಬರೆದಿದ್ದಾರೆ. ಎಷ್ಟು ಓದಿದರೇನು, ದಿನಗೂಲಿಯ ಗಾಡಿಯವನಿಗೂ ತಾನು ಮೇಲು ಅನ್ನಿಸುತ್ತದೆ. ಜಾತಿ ಅನ್ನುವುದು ಹಾಗೆ.

ಇದೆಲ್ಲಾ ಹಳೆ ಕತೆ ಅನ್ನಬೇಡಿ. ನಮ್ಮ ಕಡೆ ಅಡ್ಡಪಲ್ಲಕ್ಕಿ ಗೊತ್ತಲ್ಲ? ಪಲ್ಲಕ್ಕಿಯನ್ನು ದಾರಿಯ ಉದ್ದಕ್ಕೆ ಹಿಡಿಯದೆ ಅಡ್ಡಕ್ಕೆ ಹೊರುವುದು. ಇಡೀ ಬೀದಿ ಒಬ್ಬರದೇ ಆಗುತ್ತದೆ, ಎದುರಿಗೆ ಬರುವವರು ನಿಲ್ಲಲೇಬೇಕು. ಅದೊಂದು ಬಿರುದು. ತಮಿಳುನಾಡಿನಲ್ಲಿ 2022ರಲ್ಲಿ ಧರ್ಮಪುರಂ ಆಧೀನದ ಮಠಾಧಿಪತಿಗಳನ್ನು ಪಲ್ಲಕ್ಕಿಯಲ್ಲಿ ಹೊರುವುದನ್ನು ಮೈಲಾಡುತುರೈಯ ಕಂದಾಯ ಅಧಿಕಾರಿ ನಿಷೇಧಿಸಿದರು. ಗದ್ದಲ ಎದ್ದಿತು. ನಿಷೇಧ ಹಿಂದೆ ಹೋಯಿತು, ಪಲ್ಲಕ್ಕಿ ಮುಂದೆ ಹೋಯಿತು. ಭಕ್ತರು ತಾವಾಗಿ ಹೊರುತ್ತಾರೆ ಅನ್ನುವುದು ಸಮರ್ಥನೆ. ತಾವಾಗಿ ಹೊರುವವರು ಒಂದು ಸಲ ತಾವಾಗಿ ಕೂತು ನೋಡಲಿ, ಆಗ ಗೊತ್ತಾಗುತ್ತದೆ.

ಮುಂಬಯಿ ಹತ್ತಿರದ ಮಾಥೇರಾನ್ ಬೆಟ್ಟದಲ್ಲಿ ಪರಿಸರದ ಕಾರಣಕ್ಕೆ ಮೋಟಾರು ಗಾಡಿ ಬಿಡುವುದಿಲ್ಲ. ಒಳ್ಳೆಯದೇ. ಆದರೆ ಹೊಗೆ ಇಲ್ಲದ ಗಾಡಿ ಅಂತ ಮನುಷ್ಯನ ಕೈಯಲ್ಲಿ ರಿಕ್ಷಾ ಎಳೆಸಿದರು. ಗಾಳಿ ಶುದ್ಧವಾಗಿರಲಿ ಅಂತ ಎಳೆಯುವವನ ಶ್ವಾಸಕೋಶ ಸವೆಯಿತು. ಎಳೆಯುವವರೇ ನಮಗೆ ವಿದ್ಯುತ್ ರಿಕ್ಷಾ ಕೊಡಿ ಅಂತ ಕೋರ್ಟಿಗೆ ಹೋದರು. 2025ರ ಆಗಸ್ಟ್ 6ರಂದು ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ಪೀಠ, ಆರು ತಿಂಗಳೊಳಗೆ ಇದನ್ನು ನಿಲ್ಲಿಸಿ, ಎಳೆಯುತ್ತಿದ್ದವರಿಗೇ ವಿದ್ಯುತ್ ರಿಕ್ಷಾ ಕೊಟ್ಟು ಬದುಕು ಕಟ್ಟಿಕೊಡಿ, ಹಣವಿಲ್ಲ ಅನ್ನುವ ನೆಪ ಹೇಳಬೇಡಿ ಅಂತ ಸರ್ಕಾರಕ್ಕೆ ಆದೇಶ ಕೊಟ್ಟಿತು. 1980ರಲ್ಲಿ ಕೃಷ್ಣ ಅಯ್ಯರ್ ಅವರು ಪಂಜಾಬಿನ ಸೈಕಲ್ ರಿಕ್ಷಾದವರ ಕೇಸಿನಲ್ಲಿ, ತುಳಿಯುವವನೇ ಒಡೆಯನಾಗಲು ಸಾಲದ ದಾರಿ ತೋರಿದ್ದನ್ನು ಈ ಪೀಠ ನೆನೆಯಿತು. ನಡುವೆ 45 ವರ್ಷ ಕಳೆದಿವೆ.

ಮುಖ್ಯವಾದದ್ದು ಆ ಆದೇಶದ ಎರಡನೇ ಭಾಗ. ಕಲ್ಕತ್ತದಲ್ಲಿ 2006ರಲ್ಲಿ ಕೈ ರಿಕ್ಷಾ ನಿಲ್ಲಿಸಲು ವಿಧಾನಸಭೆ ಮಸೂದೆ ಪಾಸು ಮಾಡಿದಾಗ ಎಳೆಯುವವರೇ ವಿರೋಧಿಸಿದರು. ಅವಮಾನ ಇಷ್ಟ ಅಂತಲ್ಲ, ನಾಳೆ ಒಲೆ ಹೇಗೆ ಹಚ್ಚುವುದು ಅಂತ. ಭಾರ ಇಳಿಸಿ ಅನ್ನವನ್ನೂ ಕಿತ್ತುಕೊಂಡರೆ ಅದು ಬಿಡುಗಡೆಯಲ್ಲ.

ಹಾಗಾದರೆ ಮನುಷ್ಯ ಮನುಷ್ಯನನ್ನು ಹೊರುವುದೇ ತಪ್ಪೇ? ಅಲ್ಲ. ಮಲೆ ಮಹದೇಶ್ವರ ಬೆಟ್ಟದ ಕಾಡಿನ ಹಳ್ಳಿಗಳಿಂದ ರೋಗಿಗಳನ್ನು, ಬಸುರಿಯರನ್ನು ಬಟ್ಟೆಯ ಡೋಲಿ ಕಟ್ಟಿ ಮೈಲಿಗಟ್ಟಲೆ ಹೊತ್ತು ತಂದ ಸುದ್ದಿ ಈಚಿನ ವರ್ಷಗಳಲ್ಲೂ ಪೇಪರಿನಲ್ಲಿ ಬಂದಿದೆ. ಆ ಹೆಗಲಿಗೆ ನಾನು ಕೈ ಮುಗಿಯುತ್ತೇನೆ. ಅಲ್ಲಿ ತಲೆ ತಗ್ಗಿಸಬೇಕಾದ್ದು ರಸ್ತೆ ಮಾಡದ ಸರ್ಕಾರ. ಹೆಣಕ್ಕೂ ನಾಲ್ಕು ಹೆಗಲು ಬೇಕು. ಪ್ರೀತಿಗೆ ಹೊತ್ತದ್ದು ಭಾರ ಅನ್ನಿಸುವುದಿಲ್ಲ. ಹುಟ್ಟಿನಿಂದಲೇ ಇವನು ಹೊರತಕ್ಕವನು, ಅವನು ಕೂರತಕ್ಕವನು ಅಂತ ಬರೆದಿಟ್ಟರಲ್ಲ, ಜಗಳ ಇರುವುದು ಅದರ ಜೊತೆ.

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಮಕ್ಕಳನ್ನು ಅರಮನೆಗೋ ಮ್ಯೂಸಿಯಮ್ಮಿಗೋ ಕರಕೊಂಡು ಹೋಗುತ್ತೀರಿ. ಅಲ್ಲಿ ಗಾಜಿನ ಆಚೆ ಪಲ್ಲಕ್ಕಿ ಇದ್ದರೆ ಪಕ್ಕದಲ್ಲಿ ಚೀಟಿ ಇರುತ್ತದೆ: ಯಾವ ರಾಜನದು, ಯಾವ ಮರ, ಎಷ್ಟು ಬೆಳ್ಳಿ. ಅದನ್ನು ಓದಿಸಿ. ಆಮೇಲೆ "ಇದನ್ನು ಹೊತ್ತವರು ಯಾರು ಮಕ್ಕಳೇ?" ಅಂತ ಒಂದು ಪ್ರಶ್ನೆ ಕೇಳಿ. ಉತ್ತರ ಚೀಟಿಯಲ್ಲಿ ಸಿಕ್ಕುವುದಿಲ್ಲ. ಮಕ್ಕಳು ಮನೆಗೆ ಹೋಗಿ ತಾತಂದಿರನ್ನು ಕೇಳಲಿ. ನಮ್ಮ ಚರಿತ್ರೆ ಅಲ್ಲಿಂದ ಶುರುವಾಗಲಿ.

ನಾನು ಹತ್ತಿದ ಮೊದಲ ವಾಹನ ನಮ್ಮ ತಾತನ ಹೆಗಲು. ಊರ ಜಾತ್ರೆಯಲ್ಲಿ ನಮ್ಮವರು ತೇರಿನ ಹತ್ತಿರ ಹೋಗುವ ಹಾಗಿರಲಿಲ್ಲ. ದೂರದ ದಿಬ್ಬದ ಮೇಲೆ ನಿಂತು, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, "ಕಾಣ್ತದಾ ಮಗ?" ಅಂತ ಕೇಳಿದ್ದ. ಆ ಗಂಟು ನನ್ನ ತೊಡೆಗೆ ಒತ್ತುತ್ತಿತ್ತು. "ಕಾಣ್ತದೆ ತಾತ" ಅಂದೆ. ಕೆಳಗೆ ನಿಂತ ಅವನಿಗೆ ಏನು ಕಂಡಿತು ಅಂತ ನಾನು ಕೇಳಲಿಲ್ಲ. ಈಗ ಕೇಳೋಣ ಅಂದರೆ ಅವನಿಲ್ಲ.