ಹೆಸರಿಗಾಗಿ ಕಾದ ಕಾವೇರಿಯ ಮೀನು

ರೀಜೆಂಟ್ಸ್ ಪಾರ್ಕಿನ ಮೃಗಾಲಯವನ್ನು ನೋಡದ ಲಂಡನ್ನಿನ ಕನ್ನಡ ಮಕ್ಕಳು ವಿರಳ. ಅದನ್ನು ನಡೆಸುವ ಲಂಡನ್ ಪ್ರಾಣಿಶಾಸ್ತ್ರ ಸಂಘಕ್ಕೂ ಸಹ್ಯಾದ್ರಿಯಲ್ಲಿ ಹುಟ್ಟುವ ನದಿಗಳಿಗೂ ಹಳೆಯ ನಂಟೊಂದಿದೆ. ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಡಬ್ಲ್ಯು. ಎಚ್. ಸೈಕ್ಸ್ ಅವರು ದಖ್ಖನಿನಲ್ಲಿ ಕಂಡ ಮೀನುಗಳ ವಿವರಣೆ 1839ರಲ್ಲಿ ಈ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಪುಣೆಯ ಬಳಿ ದೊರೆತ ನೀಲಿರೆಕ್ಕೆಯ ಮಹಶೀರ್ ಮೀನಿಗೆ ಶಾಸ್ತ್ರೀಯ ನಾಮಧೇಯ ಲಭಿಸಿದ್ದು ಹೀಗೆ.

ಕಾವೇರಿಯ ಗೂನುಬೆನ್ನಿನ ಮಹಶೀರ್‌ಗೆ ಆ ಭಾಗ್ಯ ಒದಗಲಿಲ್ಲ. ಕಿತ್ತಳೆ ಬಣ್ಣದ ರೆಕ್ಕೆಗಳ ಈ ದೈತ್ಯನಿಗೆ ಕೀರ್ತಿಯ ಕೊರತೆಯೇನೂ ಇರಲಿಲ್ಲ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಅವರು 1873ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದ ‘ದಿ ರಾಡ್ ಇನ್ ಇಂಡಿಯಾ’ ಗ್ರಂಥವು ಇದನ್ನು ಗಾಳಹಾಕುವವರ ಲೋಕಕ್ಕೆ ಪರಿಚಯಿಸಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಕದ ಮೀನನ್ನು ಹಿಡಿದರು. ಆದರೂ ಎಲ್ಲರ ಬಾಯಲ್ಲೂ ಅದು ಬರಿಯ ‘ಮಹಶೀರ್’ ಆಗಿಯೇ ಉಳಿಯಿತು.

ಈ ಅಸ್ಪಷ್ಟತೆಗೆ ತೆತ್ತ ಬೆಲೆ ದೊಡ್ಡದು. ಅಣೆಕಟ್ಟುಗಳು ನದಿಯನ್ನು ತುಂಡರಿಸಿದವು. ಕಳ್ಳಬೇಟೆಗಾರರು ಮಡುಗಳಲ್ಲಿ ಸಿಡಿಮದ್ದು ಸಿಡಿಸಿದರು. ಮಹಶೀರ್ ಅಳಿಯಬಾರದೆಂಬ ಸದಾಶಯದಿಂದ, 1970ರ ದಶಕದಿಂದೀಚೆಗೆ, ಲೋನಾವಳಾದಲ್ಲಿ ಟಾಟಾ ಸಂಸ್ಥೆಯು ಬೆಳೆಸಿದ ಮರಿಗಳನ್ನು ಕಾವೇರಿಗೂ ಬಿಡಲಾಯಿತು. ಅವು ನೀಲಿರೆಕ್ಕೆಯವು, ಕಾವೇರಿಯ ಮೂಲನಿವಾಸಿಗಳಲ್ಲ. ಗಾಳಹಾಕಿ ಹಿಡಿದು ಮತ್ತೆ ನೀರಿಗೆ ಬಿಡುತ್ತಿದ್ದ ಗಾಲಿಬೋರೆ ಶಿಬಿರದ 1998ರಿಂದ 2012ರವರೆಗಿನ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ನೀಲಿರೆಕ್ಕೆಯವು ಹೆಚ್ಚುತ್ತಿದ್ದಂತೆ ಗೂನುಬೆನ್ನಿನವು ಕುಸಿದದ್ದು ಕಂಡುಬಂತು. ‘ಮಹಶೀರ್ ಹೆಚ್ಚಿದೆ’ ಎಂಬ ಒಟ್ಟು ಲೆಕ್ಕದ ಸಂತೋಷದಲ್ಲಿ ಒಂದು ಪ್ರಭೇದದ ಅವನತಿ ಮರೆಯಾಗಿತ್ತು.

2018ರಲ್ಲಿ ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಈ ಮೀನಿನ ಗುರುತನ್ನು ನಿಶ್ಚಯಿಸಿದರು. ಕಾವೇರಿ ಜಲಾನಯನಕ್ಕೆ ಸೇರಿದ ಕೇರಳದ ಪಾಂಬಾರ್ ನದಿಯಿಂದ 2007ರಲ್ಲಿ ವರ್ಣಿತವಾಗಿದ್ದ ‘ಟಾರ್ ರೆಮಾದೇವಿ’ಯೂ ಇದೂ ಒಂದೇ. ಅದೇ ವರ್ಷ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಇದು ‘ತೀವ್ರ ಅಪಾಯದಂಚಿನ’ ಪ್ರಭೇದವಾಗಿ ದಾಖಲಾಯಿತು. ಥಾಮಸರ ಗ್ರಂಥದಿಂದ ಎಣಿಸಿದರೆ ನೂರನಲವತ್ತೈದು ವರ್ಷಗಳ ವಿಳಂಬ!

ಹೆಸರೊಂದೇ ರಕ್ಷಣೆಯಲ್ಲ, ನಿಜ. ಶೃಂಗೇರಿಯ ತುಂಗಾ ತೀರದಲ್ಲಿಯೂ ಶಿಶಿಲದ ಕಪಿಲಾ ನದಿಯಲ್ಲಿಯೂ ಜನರು ಶಾಸ್ತ್ರನಾಮದ ಹಂಗಿಲ್ಲದೆ ‘ದೇವರ ಮೀನು’ಗಳನ್ನು ಕಾದುಕೊಂಡು ಬಂದಿದ್ದಾರೆ. ಅಲ್ಲಿ ಮೀನಿನೊಡನೆ ಅದರ ಮಡುವೂ ಉಳಿಯಿತು. ಆದರೆ ಭಕ್ತಿಯ ಕಾವಲು ಆ ಘಟ್ಟದ ಮೆಟ್ಟಿಲುಗಳಾಚೆಗೆ ಹೋಗದು. 2011ರ ಐಯುಸಿಎನ್ ಸಮೀಕ್ಷೆಯ ಪ್ರಕಾರ ಪಶ್ಚಿಮ ಘಟ್ಟಗಳಲ್ಲಿ ಪರಿಶೀಲಿಸಿದ ಸಿಹಿನೀರಿನ ಜೀವಿಗಳಲ್ಲಿ ಸುಮಾರು ಶೇ. 16ರಷ್ಟು ಅಳಿವಿನ ಭೀತಿಯಲ್ಲಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ದೇವಾಲಯದ ಆಶ್ರಯವೂ ಇಲ್ಲ, ಮಹಶೀರಿನ ಕೀರ್ತಿಯೂ ಇಲ್ಲ.

ದೂರದಲ್ಲಿದ್ದು ತಾಯ್ನಾಡಿನ ನದಿಗಳಿಗೆ ನೆರವಾಗಬಯಸುವ ನಮಗೆ ಈ ಇತಿಹಾಸ ಹೇಳುವುದು ಇಷ್ಟೇ: ಮರಿಗಳನ್ನು ತಂದು ಬಿಡುವ ಮುನ್ನ, ಆ ನೀರಿನಲ್ಲಿ ಮೊದಲಿನಿಂದ ಬಾಳಿದವರು ಯಾರೆಂದು ಕೇಳಬೇಕು. ಒಳ್ಳೆಯ ಮನಸ್ಸು ಆ ಪ್ರಶ್ನೆಗೆ ಉತ್ತರವಾಗದು.