ಆಲಿವ್ ಗಾಣದ ಕಪ್ಪು ನೀರಿನ ಕತೆ

ಅಂಗಡಿಗಳಲ್ಲಿ ಆಲಿವ್ ಎಣ್ಣೆಯ ಬಾಟಲಿಗಳನ್ನು ನೀವು ನೋಡಿರಬಹುದು. ಹಿಂಡಿದ ಕಾಯಿಯ ತೂಕದಲ್ಲಿ ಆ ಎಣ್ಣೆಯ ಪಾಲು ಸುಮಾರು ಐದರಲ್ಲಿ ಒಂದು ಮಾತ್ರ. ಉಳಿದದ್ದೆಲ್ಲ ನೀರು, ಸಿಪ್ಪೆ, ತಿರುಳು ಮತ್ತು ಓಟೆ. ನಮ್ಮ ಶೇಂಗಾ ಹಿಂಡಿಯನ್ನು ದನಗಳು ಚಪ್ಪರಿಸಿ ತಿನ್ನುತ್ತವೆ. ಕಹಿಯಾದ, ನಾರು ತುಂಬಿದ ಆಲಿವ್ ಹಿಂಡಿಗೆ ಅಂಥ ಬೇಡಿಕೆಯಿಲ್ಲ.

ಈ ತಲೆನೋವು ಹೊಸದಲ್ಲ. ಎಣ್ಣೆಯೊಂದಿಗೆ ಹೊರಬರುವ ಕಪ್ಪು ನೀರನ್ನು ರೋಮನರು 'ಅಮುರ್ಕ' ಎನ್ನುತ್ತಿದ್ದರು. ಕ್ರಿ.ಪೂ. 2ನೆಯ ಶತಮಾನದ ಕೇಟೊ ತನ್ನ ಕೃಷಿಗ್ರಂಥದಲ್ಲಿ ಅದಕ್ಕೆ ಹತ್ತಾರು ಉಪಯೋಗಗಳನ್ನು ಹೇಳಿದ್ದಾನೆ. ನಾವು ಕಣವನ್ನು ಸಗಣಿಯಿಂದ ಸಾರಿಸುವಂತೆ ಅಲ್ಲಿ ಅಮುರ್ಕ ಹಾಕಿ ಗಟ್ಟಿಮಾಡುತ್ತಿದ್ದರು. ಇರುವೆ, ಕಳೆ ಎರಡೂ ಬಾರವು ಎಂಬ ನಂಬಿಕೆ. ಸೌದೆಗೆ ಇದನ್ನು ಚಿಮುಕಿಸಿದರೆ ಹೊಗೆಯಿಲ್ಲದೆ ಚೆನ್ನಾಗಿ ಉರಿಯುತ್ತದೆ ಎಂದೂ ಬರೆದಿದ್ದಾನೆ. ಮುಂದಿನ ಶತಮಾನದ ವ್ಯಾರೊ ಮಾತ್ರ ಎಚ್ಚರಿಸಿದ: ಇದು ಹೊಲಕ್ಕೆ ಅತಿಯಾಗಿ ಹರಿದರೆ ನೆಲ ಕಪ್ಪಾಗಿ ಬಂಜರಾಗುತ್ತದೆ. ಫೀನಾಲ್ ಸಂಯುಕ್ತಗಳ ಹೆಸರು ತಿಳಿಯದ ಕಾಲದಲ್ಲಿ ಅವುಗಳ ಪರಿಣಾಮವನ್ನು ಕಂಡವನು ಆತ!

1855ರಲ್ಲಿ ಫ್ರಾನ್ಸಿನ ಡೈಸ್ ಎಂಬಾತ ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ಕಾರ್ಬನ್ ಡೈಸಲ್ಫೈಡ್‌ನಲ್ಲಿ ಕರಗಿಸಿ ತೆಗೆದ. ಈಗ ಆ ಕೆಲಸಕ್ಕೆ ಹೆಕ್ಸೇನ್ ಬಳಕೆಯಲ್ಲಿದೆ. ಒಣಗಿದ ಶೇಷ ಬಾಯ್ಲರಿಗೆ ಹೋಗುತ್ತದೆ.

ನೀರಿನ ಸಮಸ್ಯೆ ಹಾಗೆಯೇ ಉಳಿಯಿತು. ಸ್ಪೇನಿನ ಗ್ವಾದಲ್‌ಕಿವಿರ್ ನದಿಗೆ ಗಾಣಗಳ ಕಪ್ಪು ನೀರು ಹರಿದು ಮೀನುಗಳಿಗೆ ಕುತ್ತಾಯಿತು. 1980ರ ದಶಕದ ಆರಂಭದಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಗಾಣಗಳವರು ಹೊಂಡ ತೋಡಿ ನೀರನ್ನು ಬಿಸಿಲಿಗೆ ಬಿಟ್ಟರು. 1990ರ ದಶಕದಲ್ಲಿ ಹೆಚ್ಚು ನೀರು ಬೇಡದ ಹೊಸ ಯಂತ್ರಗಳು ಬಂದವು. ಅವುಗಳಿಂದ ಕಪ್ಪು ನೀರು ಬಹುತೇಕ ನಿಂತಿತು, ನಿಜ. ಆದರೆ ಆ ನೀರೆಲ್ಲ ಹಿಂಡಿಯಲ್ಲೇ ಸೇರಿ, 60-70 ಭಾಗ ನೀರಿರುವ ಕೆಸರಿನಂಥ ಮುದ್ದೆಯಾಯಿತು. ನದಿ ಬದುಕಿತು, ಒಲೆ ಕೆಟ್ಟಿತು.

ಇಲ್ಲಿ ಇನ್ನೊಂದು ಕತೆ ಬಂದು ಸೇರುತ್ತದೆ. ಆಕ್ಸಿಜನ್ ಇಲ್ಲದೆ ಸಾವಯವ ವಸ್ತುವನ್ನು ಕಾಯಿಸಿ ಒಡೆಯುವುದೇ ಪೈರಾಲಿಸಿಸ್ ಅಥವಾ ಉಷ್ಣವಿಭಜನೆ. ಇದ್ದಿಲು ಸುಡುವವರಿಗೆ ಇದು ಸಾವಿರಾರು ವರ್ಷಗಳಿಂದ ಗೊತ್ತು. 1661ರಲ್ಲಿ ರಾಬರ್ಟ್ ಬಾಯ್ಲ್ ಮರವನ್ನು ಹೀಗೆ ಬಟ್ಟಿಯಿಳಿಸಿ ಮೆಥನಾಲನ್ನು ಗುರುತಿಸಿದ. ನಿಧಾನವಾಗಿ ಕಾಯಿಸಿದರೆ ಇದ್ದಿಲು ಹೆಚ್ಚು. 1973ರ ತೈಲ ಬಿಕ್ಕಟ್ಟಿನ ನಂತರ ದ್ರವವನ್ನು ಹೆಚ್ಚಿಸುವ ಯತ್ನ ನಡೆಯಿತು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ ಮತ್ತು ಪಿಸ್ಕೋರ್ಜ್, ಅನಿಲದ ರಭಸಕ್ಕೆ ಕುದಿಯುವಂತೆ ಹೊರಳುವ ಬಿಸಿ ಮರಳಿಗೆ ಮರದ ಪುಡಿಯನ್ನು ಹಾಕಿದರು. ಸುಮಾರು 500° ಸೆ. ಉಷ್ಣತೆ, ಆವಿ ಒಂದೆರಡು ಸೆಕೆಂಡಿನಲ್ಲೇ ಹೊರಬಂದು ತಣಿಯಬೇಕು. ಒಣ ಮರದ ತೂಕದ ಶೇಕಡಾ 70ಕ್ಕೂ ಹೆಚ್ಚು ಭಾಗ ಕಪ್ಪು ದ್ರವವಾಯಿತು. ಅದೇ ಜೈವಿಕ ತೈಲ.

'ತೈಲ' ಎಂಬ ಹೆಸರಿಗೆ ಮೋಸಹೋಗಬೇಡಿ. ಅದರಲ್ಲಿ ಕಾಲು ಭಾಗದಷ್ಟು ನೀರಿರಬಹುದು. ಪಿಎಚ್ 2-3, ಕಬ್ಬಿಣವನ್ನು ಕೊರೆಯುವಷ್ಟು ಹುಳಿ. ಕಿಲೋಗ್ರಾಮಿಗೆ ದೊರೆಯುವ ಶಾಖ ಸುಮಾರು 17 ಮೆಗಾಜೂಲ್. ಡೀಸೆಲ್‌ನದು 42ಕ್ಕೂ ಹೆಚ್ಚು. ಆಲಿವ್ ಶೇಷದ ಬೂದಿಯಲ್ಲಿ ಪೊಟ್ಯಾಸಿಯಂ ಬಹಳ. ಅದು ವೇಗವರ್ಧಕವಾಗಿ ಆವಿಯನ್ನು ಮತ್ತಷ್ಟು ಒಡೆದು, ದ್ರವದ ಪಾಲನ್ನು ತಗ್ಗಿಸುತ್ತದೆ.

ಈಗ ನೀವೇ ಲೆಕ್ಕ ಹಾಕಿ. 100 ಕಿ.ಗ್ರಾಂ. ಮುದ್ದೆಯಲ್ಲಿ 65 ಕಿ.ಗ್ರಾಂ. ನೀರಿದೆಯೆನ್ನಿ. ಅದನ್ನು 20° ಸೆ.ನಿಂದ ಕುದಿಸಿ ಆವಿಯಾಗಿಸಲು ಸುಮಾರು 170 ಮೆಗಾಜೂಲ್ ಬೇಕು. ಉಳಿದ 35 ಕಿ.ಗ್ರಾಂ.ನಲ್ಲಿ ಶೇಕಡಾ 40 ತೈಲವಾದರೆ 14 ಕಿ.ಗ್ರಾಂ., ಅಂದರೆ ಸುಮಾರು 240 ಮೆಗಾಜೂಲ್. ನೂರರಲ್ಲಿ ಎಪ್ಪತ್ತು ಪಾಲು ಒಣಗಿಸುವುದಕ್ಕೇ ಹೋಯಿತು! ಬಿಸಿಲಿಗೆ ಹರಡೋಣವೆಂದರೆ, ಮೆಡಿಟರೇನಿಯನ್ ತೀರದಲ್ಲಿ ಗಾಣ ಆಡುವುದು ಚಳಿಗಾಲದಲ್ಲಿ. ಅಲ್ಲಿನ ಮಳೆಗಾಲವೂ ಅದೇ.

2017ರಲ್ಲಿ ಜೆಗಿರಿಮ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಇಲ್ಲಿ ಜಾಣತನ ತೋರಿತು. ಕಪ್ಪು ನೀರನ್ನು ಅವರು ಸೈಪ್ರೆಸ್ ಮರದ ಹೊಟ್ಟಿಗೆ ಹೀರಿಸಿ ಒಣಗಿಸಿದರು. ಹಾರಿದ ಆವಿಯನ್ನು ತಣಿಸಿ, ನೀರಾವರಿಗೆ ಒದಗುವ ನೀರಾಗಿ ಹಿಡಿದುಕೊಂಡರು. ಹೊಟ್ಟನ್ನು ಉಷ್ಣವಿಭಜಿಸಿದಾಗ ಬಂದ ತೈಲ ಮುಂದಿನ ಹೊಟ್ಟನ್ನು ಒಣಗಿಸಲು ಆದೀತು ಎಂಬುದು ಅವರ ಲೆಕ್ಕ. ಆವಿಯನ್ನು ಒಡೆದು ಕಾಡುವ ಪೊಟ್ಯಾಸಿಯಂ ಇದ್ದಿಲಿನಲ್ಲಿ ಉಳಿಯಿತು. ಆ ಇದ್ದಿಲನ್ನು ಮಣ್ಣಿಗೆ ಬೆರೆಸಿದಾಗ ಐದು ವಾರಗಳಲ್ಲಿ ಗಿಡಗಳ ಎಲೆ ಅಗಲವಾಗಿತ್ತು.