ಹಾರೈಕೆಯ ಗೋಡೆ

ನಮ್ಮೂರ ಅಮ್ಮನವರ ಗುಡಿಯ ಮುಂದಿನ ಮರದಲ್ಲಿ ಪುಟ್ಟ ಪುಟ್ಟ ಮರದ ತೊಟ್ಟಿಲುಗಳು ತೂಗುತ್ತಿದ್ದವು. ಬಾಲ್ಯದಲ್ಲಿ ಸೋದರತ್ತೆಯೊಡನೆ ಅಲ್ಲಿಗೆ ಹೋಗುತ್ತಿದ್ದೆ. ಆಕೆಯೂ ಒಂದನ್ನು ಕಟ್ಟಿದಾಗ, “ಏನು ಬೇಡಿಕೊಂಡೆ ಅತ್ತೆ?” ಎಂದು ಕೇಳಿದೆ. “ಹೇಳಿದರೆ ಫಲಿಸೋದಿಲ್ಲ ಮಗು” ಎಂದಳು. ಹರಕೆಯೆಂದರೆ ಭಕ್ತರಿಗೂ ದೈವಕ್ಕೂ ನಡುವಿನ ಗುಟ್ಟು. ಮನುಷ್ಯನ ಇಂಥ ಹಾರೈಕೆ ಬೀದಿಯ ಗೋಡೆಗೆ ಬಂದ ಕಥೆಯನ್ನು ಇಂದು ಹೇಳಬಯಸುತ್ತೇನೆ.

ಜಪಾನಿನ ದೇವಾಲಯಗಳಲ್ಲಿಯೂ ಕೋರಿಕೆಯನ್ನು ಚೀಟಿಯಲ್ಲಿ ಬರೆದು ಮರಕ್ಕೆ ಕಟ್ಟುವ ಪದ್ಧತಿಯುಂಟು. ಎಳವೆಯಲ್ಲಿ ಹಾಗೆ ಕಟ್ಟಿದ್ದ ಕಲಾವಿದೆ ಯೋಕೊ ಓನೊ 1996ರಲ್ಲಿ ಅದನ್ನೇ ಕಲಾಕೃತಿಯಾಗಿಸಿದರು. ಒಂದು ಮರ, ಪಕ್ಕದಲ್ಲಿ ಚೀಟಿ; ನೋಡಬಂದವರು ಬರೆದು ಕಟ್ಟಿದಾಗಲೇ ಕೃತಿ ಪೂರ್ಣ. ಹೀಗೆ ಕೂಡಿದ ಹತ್ತು ಲಕ್ಷಕ್ಕೂ ಮಿಕ್ಕ ಚೀಟಿಗಳು ಐಸ್‌ಲ್ಯಾಂಡಿಗೆ ಹೋಗಿವೆ. ಅಲ್ಲಿನ ವಿಡೇ ದ್ವೀಪದಲ್ಲಿ 2007ರಲ್ಲಿ ಅವರು ಬೆಳಕಿನ ಸ್ತಂಭವೊಂದನ್ನು ನಿಲ್ಲಿಸಿದರು.

ಬೀದಿಯ ಗೋಡೆಯದು ಬೇರೊಂದು ಊರಿನ ಮಾತು. 2005ರ ಆಗಸ್ಟಿನಲ್ಲಿ ಕತ್ರೀನಾ ಚಂಡಮಾರುತ ಬಂದಾಗ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಒಡ್ಡುಗಳು ಒಡೆದು, ಊರಿನ ಶೇಕಡ 80ರಷ್ಟು ಭಾಗ ಮುಳುಗಿತು. ವರ್ಷಗಳು ಕಳೆದರೂ ಎಷ್ಟೋ ಮನೆಗಳು ಪಾಳುಬಿದ್ದಿದ್ದವು. ಆ ನಗರದಲ್ಲಿ ನೆಲೆಸಿದ್ದ ಕಲಾವಿದೆ ಕ್ಯಾಂಡಿ ಚಾಂಗ್ 2010ರಲ್ಲಿ, ಈ ಜಾಗ ಏನಾಗಿದ್ದರೆ ಚೆನ್ನಿತ್ತೆಂದು ಬರೆಯಲು ಖಾಲಿ ಕಟ್ಟಡಗಳ ಮೇಲೆ ಅಂಟುಚೀಟಿಗಳನ್ನು ಹಚ್ಚಿದರು. ತಾಯಿಯಂತಿದ್ದ ಒಬ್ಬರನ್ನು 2009ರಲ್ಲಿ ಕಳೆದುಕೊಂಡ ಸಂಕಟ ಅವರಲ್ಲಿನ್ನೂ ಮಾಸಿರಲಿಲ್ಲ. 2011ರ ಫೆಬ್ರವರಿಯಲ್ಲಿ ಪಾಳುಮನೆಯೊಂದರ ಗೋಡೆಗೆ ಕಪ್ಪುಹಲಗೆಯ ಬಣ್ಣ ಬಳಿದು, ‘ಸಾಯುವ ಮುನ್ನ ನಾನು’ ಎಂದು ಆರಂಭವಾಗುವ ಅಪೂರ್ಣ ವಾಕ್ಯವನ್ನು ಸಾಲುಸಾಲಾಗಿ ಅಚ್ಚೊತ್ತಿ, ಸೀಮೆಸುಣ್ಣವನ್ನಿಟ್ಟರು. ಮರುದಿನಕ್ಕೇ ಗೋಡೆ ತುಂಬಿತ್ತು. ಒಬ್ಬರಿಗೆ ಗಿಡ ನೆಡುವಾಸೆ. ಒಬ್ಬರಿಗೆ ಆಕೆಯನ್ನು ಇನ್ನೊಮ್ಮೆ ಅಪ್ಪಿಕೊಳ್ಳುವಾಸೆ. ಮತ್ತೊಬ್ಬರಿಗೆ ಸಂಪೂರ್ಣವಾಗಿ ತಾವೇ ತಾವಾಗಿರುವಾಸೆ. ಮುಂದೆ 75ಕ್ಕೂ ಹೆಚ್ಚು ದೇಶಗಳಲ್ಲಿ ಇಂಥ 5,000ಕ್ಕೂ ಮಿಕ್ಕ ಗೋಡೆಗಳೆದ್ದವು.

ಸೀಮೆಸುಣ್ಣದ ಬರಹ ಮಳೆಗೆ ಅಳಿಯುತ್ತದೆ. ಬರೆದುದನ್ನು ನಡೆಸಿಕೊಡುವವರು ಅಲ್ಲಿ ಯಾರೂ ಇಲ್ಲ. ಆದರೂ ಜನ ಬರೆದರು. ನೆರೆಯವರು ನಿಂತು ಓದುತ್ತಾರೆಂಬುದೇ ಅವರಿಗೆ ಸಾಕಾಗಿತ್ತೆಂದು ನನಗೆ ತೋರುತ್ತದೆ.

ಅತ್ತೆಗೆ ಮಕ್ಕಳಾಗಲಿಲ್ಲ. ಆಕೆಯ ಕೋರಿಕೆ ಏನೆಂಬುದು ಮನೆಮಂದಿಗೆಲ್ಲ ತಿಳಿದಿತ್ತು. ಹೇಳಿದರೆ ಫಲಿಸದೆಂದು ಆಕೆ ನುಡಿಯಲಿಲ್ಲ. ನೊಂದುಕೊಂಡಾಳೆಂದು ನಾವು ಕೇಳಲಿಲ್ಲ. ಆ ತೊಟ್ಟಿಲ ದಾರ ಎಂದೋ ಜೀರ್ಣವಾಗಿ ಕಡಿದಿರಬೇಕು. ಒಂದು ದಿನವಾದರೂ ಹತ್ತಿರ ಕುಳಿತು ಕೇಳಬಹುದಾಗಿತ್ತೆಂದು ಈ ಗೋಡೆಗಳ ಸುದ್ದಿ ತಿಳಿದ ಮೇಲೆ ನನಗೆ ಅನ್ನಿಸುತ್ತಿದೆ.